ಬಿಜಾಪುರದ ದಾರಿ, ನವಲಗುಂದದ ಜಮಖಾನ

ನವಲಗುಂದದ ಜಮಖಾನ ಎಂದರೆ ಧಾರವಾಡ ಸೀಮೆಯವರಿಗೆ ಹೆಚ್ಚಿನ ಪರಿಚಯ ಬೇಕಿಲ್ಲ. ಮದುವೆಯ ಹಂದರದಲ್ಲಿ, ಮಠದ ಪಡಸಾಲೆಯಲ್ಲಿ, ಹಿರಿಯರು ಕೂಡಿ ನ್ಯಾಯ ಹೇಳುವ ಚಾವಡಿಯಲ್ಲಿ, ಹಾಡಿನ ಬೈಠಕ್ಕಿನಲ್ಲಿ ಹಾಸುತ್ತಿದ್ದ ದಪ್ಪ ಹತ್ತಿನೂಲಿನ ಹಾಸಿಗೆ ಅದು. ಕೆಂಪು, ಹಳದಿ, ನೀಲಿ, ಹಸಿರು, ಕಪ್ಪು ಬಣ್ಣಗಳ ನಡುವೆ ಒಂದು ನವಿಲು, ಇಲ್ಲವೇ ಒಂದು ಪಗಡೆ ಹಾಸು. ಅದರ ಮೇಲೆ ಕುಳಿತವರಲ್ಲಿ ಗೌಡರಿದ್ದರು, ಕುಲಕರ್ಣಿಯವರಿದ್ದರು, ಅಡತಿ ವ್ಯಾಪಾರಿಗಳಿದ್ದರು, ಮುಲ್ಲಾ ಸಾಹೇಬರೂ ಇದ್ದರು. ನೇಯ್ದವರು ಮಾತ್ರ ಆ ಸಭೆಗಳಲ್ಲಿ ಕಾಣುತ್ತಿರಲಿಲ್ಲ. ಅವರು ನವಲಗುಂದದ ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು.

ಈ ಮನೆತನಗಳ ಹಿರಿಯರು ತಮ್ಮ ಮೂಲ ಬಿಜಾಪುರ ಎನ್ನುತ್ತಾರೆ. ಆದಿಲಶಾಹಿ ಕಾಲದ ಯುದ್ಧವೊಂದರ ಹೊಡೆತಕ್ಕೆ ಊರು ಬಿಟ್ಟು ಬಂದವರು ಮೊದಲು ನವಲಗುಂದದ ಬಳಿಯ ಗುಡ್ಡವೊಂದರಲ್ಲಿ ಬಿಡಾರ ಹೂಡಿದರಂತೆ. ಅವರ ಕಸುಬಿನಿಂದಲೇ ಅದಕ್ಕೆ ಜಮಖಾನ ಗುಡ್ಡ ಎಂದು ಹೆಸರಾಯಿತು. ಕೆಲಕಾಲದ ಮೇಲೆ ಗುಡ್ಡ ಇಳಿದು ಊರೊಳಗೆ ಬಂದರು.

ಮಹಾನಗರವೊಂದರಿಂದ ಹೊರಬಿದ್ದವರು ಪುಟ್ಟ ಊರಿನಲ್ಲಿ ನೆಲೆ ಕಂಡುಕೊಂಡ ಕತೆ ಇದು. ಇದೇ ಊರಿನ ಮುಂದಿನ ತಲೆಮಾರುಗಳು ಮತ್ತೆ ನಗರದ ದಾರಿ ಹಿಡಿದಿವೆ. ವಿಜಯಪುರದಿಂದ ಹುಬ್ಬಳ್ಳಿಗೆ ಬರುವ ಹೆದ್ದಾರಿಯಲ್ಲಿ, ಹುಬ್ಬಳ್ಳಿ ಇನ್ನೂ 40 ಕಿಲೋಮೀಟರಿನೊಳಗೆ ಇದೆ ಎನ್ನುವಾಗ ನವಲಗುಂದ ಸಿಗುತ್ತದೆ. ಒಂದು ತುದಿಯಲ್ಲಿ ಬಿಟ್ಟು ಬಂದ ನಗರ, ಇನ್ನೊಂದು ತುದಿಯಲ್ಲಿ ಈಗ ಹೋಗಿ ಸೇರುತ್ತಿರುವ ನಗರ. ಹತ್ತು ಕಡೆಯ ಜನ ತುಂಬಿದ ಊರಿನಲ್ಲಿ ಹೊಸದಾಗಿ ಬಂದವನೊಬ್ಬ 'ಇದು ನನ್ನ ಊರು' ಎನ್ನಬೇಕಾದರೆ ಏನಾಗಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಇದೇ ದಾರಿಯಲ್ಲಿ ಒಮ್ಮೆ ನಡೆದು ನೋಡಬಹುದು.

ಬಿಜಾಪುರ ಎಂಬ ಮಹಾನಗರ

ಇಂದು ವಿಜಯಪುರಕ್ಕೆ ಹೋದವರು ಗೋಲಗುಂಬಜ, ಇಬ್ರಾಹಿಂ ರೋಜಾ, ಜಾಮಿಯಾ ಮಸೀದಿ ನೋಡಿ ಬರುತ್ತಾರೆ. ಗೋರಿಗಳೂ ಗೋಡೆಗಳೂ ಉಳಿದಿವೆ. ಅವುಗಳ ನಡುವೆ ಬಾಳಿದ ಜನಸಮುದ್ರ ಕಣ್ಣಿಗೆ ಬೀಳುವುದಿಲ್ಲ. 16ನೇ ಶತಮಾನದ ಕೊನೆ ಮತ್ತು 17ನೇ ಶತಮಾನದ ಮೊದಲ ಭಾಗದಲ್ಲಿ ಬಿಜಾಪುರ ದಕ್ಷಿಣ ಭಾರತದ ದೊಡ್ಡ ನಗರಗಳಲ್ಲಿ ಒಂದಾಗಿತ್ತು. ಇರಾನ್, ತುರಾನ್ ಕಡೆಗಳಿಂದ ಬಂದ ಸರದಾರರೂ ಕವಿಗಳೂ ವ್ಯಾಪಾರಿಗಳೂ ಅಲ್ಲಿದ್ದರು. ಅವರಿಗೆ ಆಫಾಖಿಗಳು ಎಂದು ಹೆಸರು. ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ ಮುಸ್ಲಿಮರು ದಖನಿಗಳು. ಆಫ್ರಿಕಾದಿಂದ ಗುಲಾಮರಾಗಿ ಬಂದು ಸೇನಾಪತಿ, ಮಂತ್ರಿ ಪದವಿಗೇರಿದ ಹಬಶಿಗಳಿದ್ದರು. ಲೆಕ್ಕಪತ್ರ ಇಡುವ ಬ್ರಾಹ್ಮಣರು, ಕುದುರೆ ಏರಿದ ಮರಾಠರು, ಕನ್ನಡ ಮಾತನಾಡುವ ರೈತರು ಮತ್ತು ಕಸುಬುದಾರರು ಇದ್ದರು.

1604ರ ಹೊತ್ತಿಗೆ ಅಕ್ಬರನ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ಇಲ್ಲಿನ ಪೇಟೆಯನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಜವಳಿ, ರತ್ನ, ಅತ್ತರು, ಆಯುಧ, ತಿಂಡಿ ತಿನಿಸು, ಎಲ್ಲವೂ ಸಾಲು ಸಾಲು ಅಂಗಡಿಗಳಲ್ಲಿ. ಅಕ್ಬರನ ದರಬಾರಿಗೆ ಹೊಗೆಸೊಪ್ಪನ್ನು ಮೊದಲು ಪರಿಚಯಿಸಿದವನೂ ಇವನೇ. ಬಿಜಾಪುರದಲ್ಲಿ ಸಿಕ್ಕ ಆ ಹೊಸ ವಸ್ತುವನ್ನು ಅಲಂಕಾರದ ಕೊಳವೆಯೊಡನೆ ಒಯ್ದು ಬಾದಶಹನ ಮುಂದಿಟ್ಟ. ಸಮುದ್ರದಾಚೆಯ ಸರಕು ದಿಲ್ಲಿ ಆಗ್ರಾಗಳಿಗಿಂತ ಮೊದಲು ಬಿಜಾಪುರದ ಪೇಟೆಗೆ ಬರುತ್ತಿತ್ತು ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

ಹಾಗೆಂದು ಬಿಜಾಪುರ ಒಂದು ಸ್ವರ್ಗವಾಗಿತ್ತು ಎಂದು ಹೇಳಿದರೆ ಇತಿಹಾಸಕ್ಕೆ ದ್ರೋಹ ಬಗೆದಂತೆ. ಆಫಾಖಿ ಮತ್ತು ದಖನಿಗಳ ಜಗಳ ತಲೆಮಾರುಗಟ್ಟಲೆ ನಡೆಯಿತು. ಒಬ್ಬ ಸುಲ್ತಾನ ಒಂದು ಪಂಗಡವನ್ನು ಎತ್ತಿಕೊಂಡರೆ ಮುಂದಿನವನು ಇನ್ನೊಂದನ್ನು. 1580ರಲ್ಲಿ ಎರಡನೇ ಇಬ್ರಾಹಿಂ ಆದಿಲಶಹಾ ಎಳೆಯ ಬಾಲಕನಾಗಿ ಪಟ್ಟವೇರಿದಾಗ ಸುಮಾರು ಹತ್ತು ವರ್ಷ ಅವನ ಹೆಸರಿನಲ್ಲಿ ಅಧಿಕಾರ ನಡೆಸಿದವರು ಒಬ್ಬರನ್ನೊಬ್ಬರು ಕಿತ್ತು ಹಾಕುತ್ತಲೇ ಇದ್ದರು. ಎಲ್ಲರೂ ಒಂದೇ ದೀನಿನವರು. ಆದರೂ 'ನೀನು ಎಲ್ಲಿಂದ ಬಂದವನು' ಎಂಬ ಪ್ರಶ್ನೆ ಕತ್ತಿಯನ್ನು ಒರೆಯಿಂದ ಹೊರಗೆಳೆಯಿತು. ಒಂದೇ ಧರ್ಮದವರಾದ ಮಾತ್ರಕ್ಕೆ ಸಮುದಾಯ ತಾನಾಗಿ ಕೂಡಿ ಬರುತ್ತದೆ ಎಂದು ನಂಬುವವರು ಬಿಜಾಪುರದ ಈ ಪುಟವನ್ನು ಓದಬೇಕು.

ಇಷ್ಟೆಲ್ಲ ಒಡಕಿನ ನಡುವೆ ಊರನ್ನು ಕೂಡಿಸಿದ್ದು ಏನು? ಉತ್ತರದ ಒಂದು ಭಾಗ ಆಡಳಿತದಲ್ಲಿದೆ. ಮೊದಲನೇ ಇಬ್ರಾಹಿಂ (1534-1558) ಪಾರಸಿಯಲ್ಲಿದ್ದ ಸರಕಾರಿ ಲೆಕ್ಕಗಳನ್ನು ನಾಡಿನ ಮಾತಿಗೆ ತಿರುಗಿಸಿ, ಅವನ್ನು ಬ್ರಾಹ್ಮಣ ಗುಮಾಸ್ತರ ಕೈಗೆ ಕೊಟ್ಟ ಸಂಗತಿಯನ್ನು ಇತಿಹಾಸಕಾರ ಫರಿಶ್ತಾ ದಾಖಲಿಸಿದ್ದಾನೆ. ಆಫಾಖಿಗಳನ್ನು ಕೆಲಸದಿಂದ ತೆಗೆದವನೂ ಇದೇ ಸುಲ್ತಾನ. ಆದರೂ ಈ ಬದಲಾವಣೆ ಒಂದು ಸತ್ಯವನ್ನು ಒಪ್ಪಿಕೊಂಡಿತು: ಊರಿನ ಲೆಕ್ಕ ಊರಿನವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಎರಡನೇ ಇಬ್ರಾಹಿಂ ದೊಡ್ಡವನಾದ ಮೇಲೆ 'ಜಗದ್ಗುರು' ಎನ್ನಿಸಿಕೊಂಡ. ದಖನಿಯಲ್ಲಿ 'ಕಿತಾಬೆ ನೌರಸ್' ಎಂಬ ಹಾಡುಗಬ್ಬ ಬರೆದು, ಅದರಲ್ಲಿ ಸರಸ್ವತಿಯನ್ನೂ ಪ್ರವಾದಿಯವರನ್ನೂ ಗೇಸುದರಾಜರನ್ನೂ ನೆನೆದ. 1599ರಲ್ಲಿ ನೌರಸಪುರ ಎಂಬ ಹೊಸ ನಗರಕ್ಕೆ ತೊಡಗಿದ. ಅದು ಪೂರ್ಣವಾಗಲೇ ಇಲ್ಲ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಅರಸ ಯೋಜನೆ ಹಾಕಿ ಕಟ್ಟಿಸಿದ ಒಗ್ಗಟ್ಟಿನ ನಗರ ಹೋಯಿತು. ಜನ ತಾವೇ ಕಟ್ಟಿಕೊಂಡದ್ದು ಉಳಿಯಿತು.

ಬೀಸುಕಲ್ಲಿನ ಭಾಷೆ

ಜನ ಕಟ್ಟಿಕೊಂಡದ್ದು ಏನು ಎಂದರೆ ಮೊದಲು ಹೇಳಬೇಕಾದದ್ದು ದಖನಿ ಭಾಷೆಯನ್ನು. ಉತ್ತರದಿಂದ ಬಂದ ಸೈನಿಕರ, ಸೂಫಿಗಳ, ವ್ಯಾಪಾರಿಗಳ ಮಾತು ಇಲ್ಲಿನ ಮರಾಠಿ, ಕನ್ನಡ, ತೆಲುಗುಗಳ ಜೊತೆ ಕೂಡಿ ಬಾಳಿ ಬೇರೆಯೇ ಆಯಿತು. ಲಖನೌದವರು ನಗುವ ನಮ್ಮ 'ನಕ್ಕೋ' ಮರಾಠಿಯಿಂದ ಬಂದದ್ದು. 'ಬರ್ತೀನಿ ಅಂತ ಹೇಳಿದ' ಎನ್ನುವಲ್ಲಿ ಕನ್ನಡಿಗನಿಗೆ 'ಅಂತ' ಹೇಗೋ, ದಖನಿಯವನಿಗೆ 'ಬೋಲ್ಕೆ' ಹಾಗೆ. ಉರ್ದು ಶಾಲೆಯ ವ್ಯಾಕರಣದಲ್ಲಿ ಇದು ತಪ್ಪು. ಇತಿಹಾಸದ ಕಣ್ಣಿನಲ್ಲಿ ಇದು ನೆರೆಮನೆಯವರ ಜೊತೆ ನೂರಾರು ವರ್ಷ ಮಾತನಾಡಿದ್ದಕ್ಕೆ ಉಳಿದ ಗುರುತು.

ಬಿಜಾಪುರದ ಚಿಶ್ತಿ ಸೂಫಿಗಳು ಈ ಭಾಷೆಯಲ್ಲಿಯೇ ಬರೆದರು. ಷಾ ಬುರ್ಹಾನುದ್ದೀನ್ ಜಾನಮ್ ನಾಡಿನ ಮಾತಿನಲ್ಲಿ ಬರೆದದ್ದನ್ನು ಸಮರ್ಥಿಸಿಕೊಂಡರು. ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಹೊರತಂದ ಗ್ರಂಥ ಈ ವಿಷಯದಲ್ಲಿ ಮುಖ್ಯವಾದದ್ದು. ಖಾನಖಾಹಿನ ಒಳಗಿನ ಗಹನ ವಿಚಾರಗಳು ಹಳ್ಳಿಗಳ ಮನೆ ಮನೆಗೆ ಹೇಗೆ ತಲುಪಿದವು ಎಂಬುದಕ್ಕೆ ಅವರು ತೋರಿಸುವ ಸಾಕ್ಷ್ಯ 'ಚಕ್ಕಿನಾಮಾ' ಮತ್ತು 'ಚರಖಾನಾಮಾ'ಗಳು. ಹೆಂಗಸರು ಬೀಸುತ್ತ, ನೂಲುತ್ತ ಹಾಡಿಕೊಳ್ಳಲೆಂದು ಕಟ್ಟಿದ ಹಾಡುಗಳವು. ಬೀಸುಕಲ್ಲಿನ ಗೂಟ, ರಾಟೆಯ ಗಾಲಿ ಅಲ್ಲಿ ದೇವರ ಸ್ಮರಣೆಯ ರೂಪಕಗಳಾಗುತ್ತವೆ.

ಉತ್ತರ ಕರ್ನಾಟಕದ ಬೀಸುವ ಕಲ್ಲಿನ ಪದಗಳನ್ನು ಕೇಳಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ನಸುಕಿನಲ್ಲಿ ಒಂದು ಮನೆಯಲ್ಲಿ ಕನ್ನಡದ ತ್ರಿಪದಿ, ಪಕ್ಕದ ಮನೆಯಲ್ಲಿ ದಖನಿಯ ಹಾಡು. ಕಲ್ಲು ಒಂದೇ, ಜೋಳ ಒಂದೇ, ದಣಿವೂ ಒಂದೇ. ನಗರದ ಗಂಡಸರು ಪಂಗಡ ಕಟ್ಟಿಕೊಂಡು ಹೊಡೆದಾಡುತ್ತಿದ್ದ ಕಾಲದಲ್ಲಿಯೇ ಮನೆಯೊಳಗಿನ ಹೆಂಗಸರ ಕೆಲಸದ ಸುತ್ತ ಒಂದು ಹಂಚಿಕೊಂಡ ಲೋಕ ಬೆಳೆಯುತ್ತಿತ್ತು. ಸುಲ್ತಾನರ ಚರಿತ್ರೆ ಬರೆದವರು ಅದನ್ನು ಬರೆಯಲಿಲ್ಲ.

ಗುಡ್ಡದಿಂದ ಊರೊಳಗೆ

1686ರಲ್ಲಿ ಔರಂಗಜೇಬನ ಮುತ್ತಿಗೆಗೆ ಬಿಜಾಪುರ ಬಿತ್ತು. ಅರಮನೆ ಹೋದ ಮೇಲೆ ಅರಮನೆಯನ್ನು ನೆಚ್ಚಿದ್ದ ಕಸುಬುಗಳಿಗೆ ಅನ್ನವಿಲ್ಲ. ಮುತ್ತಿಗೆಗೆ ಮುಂಚಿನ ಯುದ್ಧಗಳಲ್ಲಿ ಕೆಲವರು, ಅನಂತರ ಹಲವರು ಆ ನಗರ ಬಿಟ್ಟರು. ಹಾಗೆ ಚದುರಿದ ಕೈಕಸುಬಿನವರ ಸಾಲಿನಲ್ಲಿಯೇ ನವಲಗುಂದದ ನೇಕಾರರ ಮನೆತನದ ನೆನಪನ್ನು ಇಟ್ಟು ನೋಡಬೇಕು.

ಅವರು ತಂದದ್ದು ಕೈಯಲ್ಲಿದ್ದ ವಿದ್ಯೆ ಮಾತ್ರ. ಗೋಡೆಯಂತೆ ನೆಟ್ಟಗೆ ನಿಲ್ಲುವ ಮಗ್ಗ, ಅದರ ಮುಂದೆ ನೆಲದ ಮೇಲೆ ಕೂತ ಹೆಂಗಸರು. ಬಣ್ಣದ ನೂಲನ್ನು ಕೈಬೆರಳಿನಿಂದಲೇ ಎಳೆ ಎಳೆಯಾಗಿ ಹೊಗಿಸಿ, 'ಪಂಜಾ' ಎಂಬ ಲೋಹದ ಹಣಿಗೆಯಿಂದ ಬಡಿದು ಕೂರಿಸಬೇಕು. ಎಣಿಕೆ ತಪ್ಪಿದರೆ ನವಿಲಿನ ಕತ್ತು ಸೊಟ್ಟಗಾಗುತ್ತದೆ. ಬರೆದಿಟ್ಟ ನಕ್ಷೆ ಇಲ್ಲ, ಎಲ್ಲವೂ ತಲೆಯಲ್ಲಿ. ಈ ವಿದ್ಯೆಯನ್ನು ಅವರು ಎಷ್ಟು ಗುಟ್ಟಾಗಿ ಕಾಪಾಡಿದರೆಂದರೆ, ಮದುವೆಯಾಗಿ ಬೇರೆ ಊರಿಗೆ ಹೋಗುವ ಮಗಳಿಗೂ ಕಲಿಸದೆ, ಮನೆಗೆ ಬರುವ ಸೊಸೆಗೆ ಕಲಿಸುತ್ತಿದ್ದರು ಎಂದು ಹೇಳುವುದುಂಟು.

ಬಂದವರು ಹೀಗೆ ಗುಟ್ಟು ಮಾಡಿಕೊಂಡರೂ ಊರು ಅವರನ್ನು ಹೊರಗಿಡಲಿಲ್ಲ. ಕಾರಣ ಮಗ್ಗದಲ್ಲೇ ಇತ್ತು. ಆ ಒಂದೇ ಮಗ್ಗದಿಂದ ನಮಾಜಿನ ಜಾನಮಾಜ್ ಇಳಿಯಿತು, ಅದೇ ಮಗ್ಗದಿಂದ ಪಗಡೆಯಾಟದ ಚೌಕಟ್ಟಿದ್ದ ಹಾಸೂ ಇಳಿಯಿತು, ಬೀಗರನ್ನು ಕೂರಿಸುವ ದೊಡ್ಡ ಜಮಖಾನವೂ ಇಳಿಯಿತು. ನವಲಗುಂದ ಎಂಬ ಹೆಸರನ್ನು ಜನ ನವಿಲಿನ ಗುಡ್ಡ ಎಂದು ಬಿಡಿಸಿ ಹೇಳುತ್ತಾರೆ. ನೇಕಾರರು ಆ ನವಿಲನ್ನೇ ತಮ್ಮ ಹಾಸಿನ ಮೇಲೆ ನೇಯ್ದರು. ಬಿಜಾಪುರದಿಂದ ಬಂದವರ ಕೈಯಲ್ಲಿ ನವಲಗುಂದದ ನವಿಲು ಮೂಡಿದ ದಿನ ಅವರು ನವಲಗುಂದದವರಾದರು. ಊರಿನವರೂ ಮದುವೆ ಮುಂಜಿಗೆ ಅವರ ಜಮಖಾನ ಇಲ್ಲದಿದ್ದರೆ ಆಗದು ಎನ್ನುವ ಹಾಗಾದರು. ಹೀಗೆ ಇಬ್ಬರಿಗೂ ಒಬ್ಬರಿಗೊಬ್ಬರು ಬೇಕಾದರು.

ಈ ನೆಲದ ಗುಣವೂ ಇದಕ್ಕೆ ಒದಗಿಬಂದಿತು ಎನ್ನಬೇಕು. ನವಲಗುಂದ ತಾಲೂಕಿನ ಯಮನೂರಿನಲ್ಲಿ, ಬೆಣ್ಣೆಹಳ್ಳದ ಹತ್ತಿರ, ಒಂದು ದರ್ಗಾ ಇದೆ. ಮುಸ್ಲಿಮರಿಗೆ ಅವರು ರಾಜಾ ಬಾಗಸವಾರ್, ಹುಲಿಯ ಮೇಲೆ ಸವಾರಿ ಮಾಡಿದ ಸಂತ. ಹಿಂದೂಗಳಿಗೆ ಅವರೇ ಚಾಂಗದೇವ. ಹೋಳಿಯ ಆಸುಪಾಸಿನ ದಿನಗಳಲ್ಲಿ ಅಲ್ಲಿ ಸೇರುವ ಜನ ಹಳ್ಳದಲ್ಲಿ ಮಿಂದು, ಸಕ್ಕರೆ ಹಂಚಿ, ಹರಕೆ ತೀರಿಸುತ್ತಾರೆ. ಅದೇ ಹೋಳಿಯಲ್ಲಿ ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆಯೂ ಜನವೋ ಜನ. 19ನೇ ಶತಮಾನದಲ್ಲಿ ನವಲಗುಂದದಲ್ಲಿ ನೆಲೆಸಿದ್ದ ಅಜಾತ ನಾಗಲಿಂಗ ಸ್ವಾಮಿಗಳ ಒಡನಾಡಿಗಳ ಸಾಲಿನಲ್ಲಿ ಶಿಶುನಾಳದ ಶರೀಫ ಸಾಹೇಬರ ಹೆಸರು ಬರುತ್ತದೆ. ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ಓದಿದವರಿಗೆ ಇಂತಹ ತಾಣಗಳು ನಮ್ಮ ನಾಡಿನಲ್ಲಿ ಅಪರೂಪವಲ್ಲ ಎಂದು ಗೊತ್ತು. ಹೊರಗಿನಿಂದ ಬಂದವನಿಗೆ ಇಂಥ ಊರಿನಲ್ಲಿ ಬಾಗಿಲು ತಟ್ಟಲು ಒಂದಲ್ಲ, ಹಲವು ಮನೆಗಳಿರುತ್ತವೆ.

ಹುಬ್ಬಳ್ಳಿಯ ಕರೆ

ಇನ್ನು ದಾರಿಯ ಮತ್ತೊಂದು ತುದಿ. ನವಲಗುಂದದ್ದು ಎರೆಭೂಮಿ. ಮಳೆ ಕೈಕೊಟ್ಟ ವರ್ಷ ಎರೆಹೊಲ ಬಾಯಿ ಬಿಡುತ್ತದೆ, ಜನ ದುಡಿಮೆಗೆ ಗುಳೆ ಹೋಗುತ್ತಾರೆ. ಹತ್ತಿ ಬೆಳೆದ ವರ್ಷ ಬಂಡಿಗಳು ಹುಬ್ಬಳ್ಳಿ ಪೇಟೆಗೆ ಹೋಗುತ್ತಿದ್ದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದು, ಅಲ್ಲಿ ಅದರ ಕಾರ್ಖಾನೆ ತೆರೆಯಿತು. ಹತ್ತಿ ಅಡತಿ, ಗಿರಣಿ, ರೈಲು ಕಾರ್ಖಾನೆ ಈ ಮೂರು ಸೇರಿ ಹಳೆಯ ಪೇಟೆಯನ್ನು ನಗರ ಮಾಡಿದವು. ತಮಿಳು, ತೆಲುಗು, ಮರಾಠಿ, ಗುಜರಾತಿ, ಮಾರವಾಡಿ, ಕೊಂಕಣಿ, ದಖನಿ ಮಾತುಗಳು ಕನ್ನಡದ ಜೊತೆ ಒಂದೇ ಪೇಟೆಯಲ್ಲಿ ಕೇಳತೊಡಗಿದವು. 1962ರಲ್ಲಿ ಧಾರವಾಡವೂ ಸೇರಿ ಒಂದೇ ಮಹಾನಗರಪಾಲಿಕೆಯಾಯಿತು. 2011ರ ಜನಗಣತಿಯ ಹೊತ್ತಿಗೆ ಅವಳಿ ನಗರದ ಜನಸಂಖ್ಯೆ 9 ಲಕ್ಷ ದಾಟಿತ್ತು.

ನಗರಕ್ಕೆ ಬಂದ ಹಳ್ಳಿಯ ಹುಡುಗನಿಗೆ ಮೊದಲು ಆಸರೆಯಾದದ್ದು ಅವನ ಸಮಾಜದವರು ಕಟ್ಟಿದ ಸಂಸ್ಥೆಗಳು. ಇದರಲ್ಲಿಯೂ ನವಲಗುಂದದ ಹೆಸರಿದೆ. ನವಲಗುಂದ-ಶಿರಸಂಗಿ ಸಂಸ್ಥಾನದ ಲಿಂಗರಾಜ ದೇಸಾಯಿಯವರು (1861-1906) ತಮ್ಮ ಆಸ್ತಿಯನ್ನು ವೀರಶೈವ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಓದಿದ ತಲೆಮಾರುಗಳು ಬೆಳಗಾವಿ, ಧಾರವಾಡ, ಮುಂಬಯಿಗಳಲ್ಲಿ ಕಾಲೂರಿದವು. ಮುಸ್ಲಿಮರಲ್ಲಿ 1874ರಲ್ಲಿ ಬದ್ರುದ್ದೀನ್ ತಯ್ಯಬ್‌ಜಿ ಮತ್ತು ಗೆಳೆಯರು ಮುಂಬಯಿಯಲ್ಲಿ ಅಂಜುಮನ್ ಎ ಇಸ್ಲಾಂ ಕಟ್ಟಿದರು. ಆಗ ಧಾರವಾಡ ಜಿಲ್ಲೆಗೂ ಮುಂಬಯಿಯೇ ರಾಜಧಾನಿ. ಹುಬ್ಬಳ್ಳಿಯಲ್ಲಿಯೂ ಅಂಜುಮನ್ ಹುಟ್ಟಿ ಶಾಲೆ ಕಾಲೇಜು ನಡೆಸಿತು. ಅದರ ಕಾಲೇಜಿಗೆ ಇಟ್ಟ ಹೆಸರು ನೆಹರೂ ಅವರದು.

ಸ್ವಜನರ ಆಸರೆ ಬೇಕು, ಅದನ್ನು ಹೀಗಳೆಯಬಾರದು. ಆದರೆ ಅದು ಹೊಸ್ತಿಲು ಮಾತ್ರ. ಹೊಸ್ತಿಲಲ್ಲೇ ಕುಳಿತವನಿಗೆ ಮನೆಯ ಒಳಗು ಗೊತ್ತಾಗುವುದಿಲ್ಲ. ಹೊಸ್ತಿಲು ದಾಟಿದವರ ಉದಾಹರಣೆ ಬೇಕೆಂದರೆ ಹುಬ್ಬಳ್ಳಿಗೆ ಹತ್ತಿರದ ಕುಂದಗೋಳಕ್ಕೆ ಹೋಗಬೇಕು. ಉತ್ತರ ಪ್ರದೇಶದ ಕೈರಾನಾದಿಂದ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನರು (1872-1937) ಮೈಸೂರು ದರಬಾರಿಗೆ ಹೋಗಿ ಬರುವಾಗ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದರು. ಅವರಲ್ಲಿ ಕಲಿತವರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (1886-1952). ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದವರು ಗಂಗೂಬಾಯಿ ಹಾನಗಲ್ (1913-2009).

ಮುಸ್ಲಿಂ ಉಸ್ತಾದ್, ಬ್ರಾಹ್ಮಣ ಗುರು, ಮೇಲ್ಜಾತಿಯವರ ಓಣಿಯಲ್ಲಿ ಬಾಲ್ಯದಲ್ಲಿ ಅವಮಾನ ಉಂಡ ಶಿಷ್ಯೆ. ಯಾವ ಜಾತಿ ಸಂಘವೂ, ಯಾವ ಜಮಾಅತೂ ಈ ಮೂವರನ್ನು ಒಂದು ಪಟ್ಟಿಯಲ್ಲಿ ಸೇರಿಸುತ್ತಿರಲಿಲ್ಲ. ಒಂದು ಸ್ವರವನ್ನು ಹಿಡಿದು ನಿಲ್ಲಿಸುವ ಕಷ್ಟ ಅವರನ್ನು ಸೇರಿಸಿತು. ಗಂಗೂಬಾಯಿಯವರನ್ನು ಹುಬ್ಬಳ್ಳಿ ಇಂದು ತನ್ನ ಮಗಳು ಎನ್ನುತ್ತದೆ. ಆ ಮಾತು ಪುಕ್ಕಟೆಯಾಗಿ ಬರಲಿಲ್ಲ, ದಶಕಗಳ ದುಡಿಮೆಗೆ ಊರು ಕೊನೆಗೆ ಒಪ್ಪಿಕೊಟ್ಟದ್ದು ಅದು.

ಇಂದಿನ ಪ್ರಶ್ನೆ

ಹುಬ್ಬಳ್ಳಿಗೂ ಬಿಜಾಪುರದಂತೆ ಕರಾಳ ದಿನಗಳಿವೆ. 1994ರ ಆಗಸ್ಟ್ 15ರಂದು ಈದ್ಗಾ ಮೈದಾನದ ವಿವಾದದಲ್ಲಿ ಗೋಲಿಬಾರ್ ಆಗಿ ಜೀವಗಳು ಹೋದವು. ಒಂದೇ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವರು ಪರಸ್ಪರ ಅನುಮಾನದಿಂದ ನೋಡುವಂತಾಯಿತು. ಅಂಥ ಒಂದೊಂದು ಗಲಭೆಯ ನಂತರ ಏನಾಗುತ್ತದೆ? ಮಿಶ್ರ ಓಣಿಯಲ್ಲಿದ್ದ ಮುಸ್ಲಿಮನು ಮೊಹಲ್ಲಾ ಹುಡುಕುತ್ತಾನೆ, ಮೊಹಲ್ಲಾದ ಅಂಚಿನಲ್ಲಿದ್ದ ಹಿಂದೂ ಬಡಾವಣೆ ಹುಡುಕುತ್ತಾನೆ. ನಕ್ಷೆಯಲ್ಲಿ ಊರು ಒಂದೇ ಇರುತ್ತದೆ, ಮನಸ್ಸಿನಲ್ಲಿ ಎರಡಾಗಿರುತ್ತದೆ.

ಬೆಂಗಳೂರಿನಂಥ ಮಹಾನಗರಕ್ಕೆ ಕೆಲಸಕ್ಕೆಂದು ಹೋಗುವ ನಮ್ಮ ಸೀಮೆಯ ವಿದ್ಯಾವಂತ ತರುಣರು ಹೇಳುವ ಅನುಭವ ಎಲ್ಲರಿಗೂ ಗೊತ್ತಿರುವಂಥದ್ದೇ. ಬಾಡಿಗೆಗೆ ಇದೆ ಎಂಬ ಹಲಗೆ ನೋಡಿ ಹೋಗುತ್ತಾರೆ. ಹೆಸರು ಹೇಳಿದ ಕೂಡಲೇ ಆ ಮನೆ ಆಗಲೇ ಹೋಗಿಬಿಟ್ಟಿರುತ್ತದೆ. ದಲಿತ ತರುಣನಿಗೂ ಇದೇ ಗತಿ. ಹೀಗೆ ಬಾಗಿಲು ಮುಚ್ಚುವ ಮಾಲೀಕ ಒಬ್ಬ ಬಾಡಿಗೆದಾರನನ್ನು ಕಳೆದುಕೊಂಡೆ ಎಂದಷ್ಟೇ ತಿಳಿಯುತ್ತಾನೆ. ನವಲಗುಂದ ಅಂದು ಬಾಗಿಲು ಮುಚ್ಚಿದ್ದರೆ ಅದಕ್ಕೆ ತನ್ನ ಹೆಸರು ಹೊತ್ತ ಜಮಖಾನವೇ ಇರುತ್ತಿರಲಿಲ್ಲ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಮೊಹಲ್ಲಾದಲ್ಲಿ ಮಸೀದಿ ಹತ್ತಿರ, ನೆಂಟರು ಹತ್ತಿರ, ಹೆಣ್ಣುಮಕ್ಕಳ ಓಡಾಟಕ್ಕೆ ಧೈರ್ಯ, ಇದೆಲ್ಲ ನಿಜ. ಆದರೆ ನಮ್ಮ ಮಕ್ಕಳು ಕನ್ನಡ ಪತ್ರಿಕೆ ಓದಲಾರದೆ, ನೆರೆಯವರ ಹಬ್ಬದ ಹೆಸರು ತಿಳಿಯದೆ ಬೆಳೆದರೆ, ದಖನಿಗೆ 'ಬೋಲ್ಕೆ' ತಂದುಕೊಟ್ಟ ಆ ಹಿರಿಯರ ವಾರಸುದಾರರು ಎಂದು ಹೇಗೆ ಹೇಳಿಕೊಳ್ಳುವುದು? ಭಯ ಒಂದು ಕಾಲಕ್ಕೆ ಗುಡ್ಡ ಹತ್ತಿಸುತ್ತದೆ. ಗುಡ್ಡದಲ್ಲೇ ಉಳಿದುಬಿಟ್ಟರೆ ಮಗ್ಗಕ್ಕೆ ಕೆಲಸ ಸಿಗುವುದಿಲ್ಲ.

ನವಲಗುಂದದ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಆ ಹೆಸರಿನಲ್ಲಿ ಬೇರೆಲ್ಲಿಯವರೂ ಮಾರುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಆದರೆ ನೇಯುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ದಿನಗಟ್ಟಲೆ ಬೆನ್ನು ಬಗ್ಗಿಸಿ ನೇಯ್ದರೆ ಬರುವ ಕೂಲಿಗಿಂತ ಬೇರೆ ಕೆಲಸದಲ್ಲಿ ಹೆಚ್ಚು ಸಿಗುತ್ತದೆ. ಮದುವೆಯ ಕಲ್ಯಾಣ ಮಂಟಪಗಳಲ್ಲಿ ಈಗ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಒಬ್ಬನಿಗೆ ಒಂದೇ ಜಾಗ. ಜಮಖಾನದಲ್ಲಿ ಹಾಗಿರಲಿಲ್ಲ. ಇನ್ನೊಬ್ಬ ಬಂದರೆ ಕುಳಿತವರು ಮಂಡಿ ಮಡಚಿ 'ಬರ್ರಿ, ಕೂಡ್ರಿ' ಎನ್ನುತ್ತಿದ್ದರು.

ಸರಕಾರ ಈ ಹೆಣ್ಣುಮಕ್ಕಳಿಗೆ ನೂಲು, ಸಾಲ, ಮಾರುಕಟ್ಟೆ ಒದಗಿಸಬೇಕು ಎಂಬುದು ಸರಿಯಾದ ಬೇಡಿಕೆ. ನಮ್ಮ ಅಂಜುಮನ್‌ಗಳು, ಮಠಗಳು, ಸಂಗೀತ ಸಭೆಗಳು ತಮ್ಮ ಸಭಾಂಗಣಕ್ಕೆ ಒಂದೊಂದು ಜಮಖಾನ ಮಾಡಿಸಲು ಮಾತ್ರ ಸರಕಾರದ ಆದೇಶ ಬೇಕಿಲ್ಲ. ಹುಬ್ಬಳ್ಳಿಯ ಬಸ್ಸು ಹತ್ತಿದರೆ ನವಲಗುಂದ ಒಂದು ಗಂಟೆಯ ದಾರಿ. ಅಲ್ಲಿ ಮಗ್ಗದ ಮುಂದೆ ಕುಳಿತ ಅಕ್ಕನನ್ನು ಕೇಳಿ, ಅಳತೆ ಕೊಟ್ಟು ಬರಬಹುದು.